ಶನಿವಾರದ ಮಾತ್ರೆ

ಬೆಳಗ್ಗೆ ಏಳಕ್ಕೆ ನಮ್ಮ ಸರ್ವಜ್ಞನಗರದ ಬೀದಿಗೆ ಸೊಪ್ಪಿನ ಗಾಡಿ ಬಂದು ಮೆಂತ್ಯದ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ರೇಗುತ್ತದೆ. ಸೊಪ್ಪು ಪಾಪ, ಏನೂ ಮಾಡಿಲ್ಲ. ನಾಲ್ಕು ವರ್ಷ ಅದನ್ನು ಸುಮ್ಮಸುಮ್ಮನೆ ಬೈದೆನಲ್ಲ, ಅದಕ್ಕೆ.

ಹೊಸ ತಿಪ್ಪಸಂದ್ರದ ನನ್ನ ಅಕ್ಕನಿಗೆ ಕಾಲಿನಲ್ಲಿ ಎರಡು ಸಲ ರಕ್ತ ಹೆಪ್ಪುಗಟ್ಟಿತ್ತು. ಮತ್ತೆ ಕಟ್ಟಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯವೆಂದು ಡಾಕ್ಟರು ರಕ್ತ ತೆಳುವಾಗಿಸುವ ಹಳೆಯ ಬಗೆಯ ಮಾತ್ರೆ ಕೊಟ್ಟಿದ್ದರು. ಅದರ ಉಪಚಾರ ಬೀಗರದ್ದಕ್ಕಿಂತ ಹೆಚ್ಚು. ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಸೊಪ್ಪು ಆ ಮಾತ್ರೆಯ ಶಕ್ತಿ ತಗ್ಗಿಸುತ್ತದಂತೆ; ತಿನ್ನಬಹುದು, ಆದರೆ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಆಗಬಾರದು. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮಾಡಿಸಿದವಳು ನಾನು. ಇಂಥ ನಿಯಮ ಸಿಕ್ಕರೆ ಬಿಡುತ್ತೇನೆಯೇ? ದಿನಾ ಅವಳ ಮನೆಗೆ ಹೋಗಿ ಬಟ್ಟಲಲ್ಲಿ ಸೊಪ್ಪು ಅಳೆದೆ, ನೋಟ್‌ಬುಕ್ಕಿನಲ್ಲಿ ಬರೆದೆ. ಆದರೂ ರಿಪೋರ್ಟು ತಿಂಗಳಿಗೊಂದು ಥರ.

“ಕದ್ದು ಬಸ್ಸಾರು ಉಣ್ತೀಯಾ ನೀನು!”

“ಹೂಂ ಕಣೇ, ಬೀರುನಲ್ಲಿ ಬಚ್ಚಿಟ್ಟಿದೀನಿ. ಹುಡುಕ್ಕೋ.”

ಕೊನೆಗೆ ಡಾಕ್ಟರೇ ಹೊಸ ಮಾತ್ರೆಯ ಮಾತೆತ್ತಿದರು. ದಿನಕ್ಕೆರಡು. ತಿಂಗಳ ಪರೀಕ್ಷೆಯಿಲ್ಲ, ಸೊಪ್ಪಿನ ಗೋಜಿಲ್ಲ; ಆಗಾಗ ಮೂತ್ರಪಿಂಡ ನೋಡಿಸಬೇಕು. ರಕ್ತಸ್ರಾವದ ಭಯ ಇದರಲ್ಲೂ ಇದೆ.

“ಆದ್ರೆ ಒಂದು ಹೊತ್ತೂ ತಪ್ಪಿಸ್ಬಾರ್ದಮ್ಮ. ಇದ್ರ ಶಕ್ತಿ ಬೇಗ ಇಳಿದ್ಬಿಡುತ್ತೆ.”

“ಹಂಗಾದ್ರೆ ಶನಿವಾರ?” ಎಂದಳು ಅಕ್ಕ.

“ಶನಿವಾರ ಏನು?”

“ಉಪವಾಸ ಅಲ್ವಾ ಸಾರ್. ಬಾಯಿಗೆ ಏನೂ ಹಾಕಲ್ಲ. ಮಾತ್ರೆನೂ ಹಾಕಲ್ಲ.”

ಡಾಕ್ಟರು ಕೈಚಾಚಿ ನನ್ನ ನೋಟ್‌ಬುಕ್ ತೆಗೆದುಕೊಂಡರು. ಪ್ರತಿ ಶನಿವಾರದ ಎದುರಿಗೂ ‘ಉಪವಾಸ, ಸೊಪ್ಪು ಇಲ್ಲ’ ಎಂದು ದುಂಡಗೆ ಬರೆದಿದ್ದೆ. ಮಾತ್ರೆ ನುಂಗಿದಳೋ ಇಲ್ಲವೋ ಎಂದು ಬರೆಯಲು ನಾನು ಗೆರೆಯನ್ನೇ ಎಳೆದಿರಲಿಲ್ಲ.

ಹೊರಗೆ ಬಂದು ಆಟೋ ಹತ್ತುವ ಮೊದಲೇ ಹರಿಹಾಯ್ದೆ. “ನಾಲ್ಕು ವರ್ಷ ಯಾಕೆ ಹೇಳ್ಲಿಲ್ಲ?”

“ನೀನು ಸೊಪ್ಪು ಬಿಟ್ಟು ಬೇರೇನಾದ್ರೂ ಕೇಳಿದ್ಯಾ?”

ನೋಟ್‌ಬುಕ್ಕನ್ನು ಚೀಲಕ್ಕೆ ತುರುಕಿ ಆಟೋ ಹತ್ತಿದೆ. ಅವಳೇನೋ ಡಾಕ್ಟರ ಎದುರೇ ದಾರಿ ಕಂಡುಕೊಂಡಿದ್ದಳು: ತೀರ್ಥಕ್ಕೆ ಉಪವಾಸ ಕೆಡುವುದಿಲ್ಲ, ಶನಿವಾರದ ಮಾತ್ರೆ ತೀರ್ಥದ ಜೊತೆ.

ಈಗ ನನ್ನ ಎದೆಬಡಿತವೂ ತಾಳ ತಪ್ಪಿದೆ; ರಕ್ತ ಹೆಪ್ಪುಗಟ್ಟದಂತೆ ನನಗೂ ಮಾತ್ರೆ ಬೇಕಂತೆ. ಹಳೆಯದೋ ಹೊಸದೋ ಎಂದು ಡಾಕ್ಟರು ಕೇಳಿದಾಗ ಹೊಸದನ್ನೇ ಆರಿಸಿಕೊಂಡೆ. ಹೊತ್ತು ತಪ್ಪದಿರುವುದು ನನಗೆ ಹೇಳಿಕೊಡಬೇಕೇ ಎಂಬ ಜಂಬ.

ಇವತ್ತು ಶನಿವಾರ. ಎಂಟಕ್ಕೆ ಸರಿಯಾಗಿ ಅಕ್ಕನ ಫೋನು.

“ನಂದಾಯ್ತು. ನಿಂದು?”

ಮಾತ್ರೆಯ ಲೆಕ್ಕಕ್ಕೆಂದು ಗೋಡೆಗೆ ಅಂಟಿಸಿದ್ದ ಹಾಳೆ ನೋಡಿದೆ. ಇಂದಿನ ಚೌಕದಲ್ಲಿ ಸರಿ ಗುರುತು ನೀಟಾಗಿ ಬಿದ್ದಿತ್ತು. ಇಡೀ ವಾರದ ಗುರುತುಗಳನ್ನು ಭಾನುವಾರವೇ ಹಾಕಿಟ್ಟಿದ್ದೆ. ಇವತ್ತಿನ ಮಾತ್ರೆ ಮಾತ್ರ ಇನ್ನೂ ಸ್ಟ್ರಿಪ್ಪಿನಲ್ಲೇ ಕೂತಿತ್ತು.

“ಇರೇ, ನೀರು ತರ್ತೀನಿ.”

“ಫೋನ್ ಇಡ್ಬೇಡ,” ಎಂದಳು ಅಕ್ಕ. “ನುಂಗೋ ಸದ್ದು ಕೇಳ್ಬೇಕು ನಂಗೆ.”