ಬಿಟ್ಟರೆ ಓಡುವ ಪೆಡಲು

ಬಸ್ ಡಿಪೋದ ಹೊಲಿಗೆ ಕೋಣೆಯಲ್ಲಿ ಕೂತು ಇಪ್ಪತ್ತೆರಡು ವರ್ಷ ಸೀಟುಗಳಿಗೆ ಹೊದಿಕೆ ಹೊಲಿದವಳು ಸೂಜಿಯಕ್ಕ. ಆ ಹೆಸರಿಟ್ಟವರು ಡಿಪೋದ ಮೆಕ್ಯಾನಿಕ್ಕುಗಳು. ಈಗೀಗ ಅವಳ ಗಂಡನೂ ತಮಾಷೆ ಮಾಡಬೇಕೆನಿಸಿದಾಗ ಹಾಗೇ ಕರೆಯುತ್ತಾನೆ. ಹರಿದ ಸೀಟು ಬಂದರೆ ಸಾಕು, ಬೋರಲು ಹಾಕಿಕೊಂಡು, ಹಳೇ ರೆಕ್ಸಿನ್ ಕಿತ್ತು, ಒಳಗಿನ ಸ್ಪಂಜಿನ ಮೇಲೆ ಅಂಗೈ ಆಡಿಸಿ, ಇದರ ಮೇಲೆ ಕೂರುವವನು ದಡೂತಿಯೋ ಸಣಕಲನೋ, ಯಾವ ಕಡೆ ವಾಲುತ್ತಾನೋ ಹೇಳಿಬಿಡುತ್ತಿದ್ದಳು. ಆದರೆ ಅವಳು ಒಂದು ದಿನವೂ ಸ್ಟೇರಿಂಗ್ ಹಿಡಿದವಳಲ್ಲ. ಸೈಕಲ್ಲೂ ಬಾರದು. ನಲವತ್ತೊಂಬತ್ತು ತುಂಬುವವರೆಗೂ ಓಡಾಡಿದ್ದೆಲ್ಲ ಬಸ್ಸಿನಲ್ಲಿ, ಇಲ್ಲವೇ ಗಂಡನ ಬೈಕಿನ ಹಿಂದೆ.

ಆ ವರ್ಷ ಎರಡು ಸಂಗತಿಗಳು ಒಟ್ಟಿಗೇ ಆದವು. ಬೇಕರಿಯಲ್ಲಿ ಹಿಟ್ಟು ನಾದೀ ನಾದೀ ಗಂಡನ ಬಲಗೈ ಮಣಿಕಟ್ಟು ಸೋತುಹೋಯಿತು. ‘ಇನ್ನು ಬೈಕಿನ ಆಸೆ ಬಿಟ್ಟುಬಿಡಿ’ ಅಂದರು ಡಾಕ್ಟರು. ಅದೇ ತಿಂಗಳು ಡಿಪೋವನ್ನು ಊರಿನ ನಡುವಿನಿಂದ ಕಿತ್ತು, ಸೇತುವೆ ದಾಟಿ ಹದಿನಾಲ್ಕು ಕಿಲೋಮೀಟರ್ ಆಚೆ ಇಟ್ಟರು. ಬೆಳಿಗ್ಗೆ ಡಿಪೋದಿಂದ ಊರಿಗೆ ನೂರಾರು ಬಸ್ಸು ಬರುತ್ತವೆ. ಆ ಹೊತ್ತಿಗೆ ಊರಿಂದ ಡಿಪೋ ಕಡೆಗೆ ಒಂದೂ ಹೋಗುವುದಿಲ್ಲ. ಸದ್ಯಕ್ಕೆ ಮೆಕ್ಯಾನಿಕ್ಕುಗಳು ಯಾರಾದರೂ ಅವಳನ್ನು ತಮ್ಮ ಗಾಡಿಯಲ್ಲಿ ಕರೆದೊಯ್ಯುತ್ತಿದ್ದರು.

“ನೋಡ್ರೀ ನನ್ನ ಹಣೆಬರಹ. ಬಸ್ಸುಗಳ ಮನೆಗೆ ಹೋಗೋಕೆ ಬಸ್ಸಿಲ್ಲ,” ಅಂದಳು ಸೂಜಿಯಕ್ಕ.

ಆಗ ಅವಳ ಸ್ವಂತ ಅಕ್ಕ, ಕಣ್ಣು ಮಂಜಾದಮೇಲೆ ತನ್ನ ಕಾರು ಮುಟ್ಟದವಳು, ಫೋನು ಮಾಡಿದಳು. “ತಗೊಂಡು ಹೋಗೇ ಇದನ್ನ. ಇಲ್ಲಿ ಬೆಕ್ಕು ಮರಿ ಹಾಕೋಕೆ ಬಿಟ್ರೆ ಯಾರಿಗೂ ಉಪಯೋಗ ಇಲ್ಲ.”

“ನಂಗೆ ಬರಲ್ಲ ಕಣೇ ಅಕ್ಕ.”

“ನಂಗೇನು ಹುಟ್ಟುತ್ತಲೇ ಬಂದಿತ್ತಾ?”

ಹೀಗೆ ಬೂದು ಬಣ್ಣದ ಆ ಪುಟ್ಟ ಕಾರು ಮನೆ ಮುಂದೆ ಬಂದು ನಿಂತಿತು. ಕಲಿಸಲು ಒಪ್ಪಿದವರು ನಿವೃತ್ತ ಬಸ್ ಡ್ರೈವರೊಬ್ಬರು. ಊರಲ್ಲಿ ಅರ್ಧ ಜನಕ್ಕೆ ಗಾಡಿ ಕಲಿಸಿದ್ದರಿಂದ ಎಲ್ಲರಿಗೂ ಅವರು ಮೇಷ್ಟ್ರು. ಮೊದಲ ದಿನ ಕಾರಿನ ಪಕ್ಕ ನಿಂತವರನ್ನು ಸೂಜಿಯಕ್ಕ ಅಡಿಯಿಂದ ಮುಡಿಯವರೆಗೆ ನೋಡಿ, “ನಿಮಗೆ ಎಡಗಡೆ ಸೊಂಟ ನೋವಲ್ವಾ?” ಅಂದಳು.

ಮೇಷ್ಟ್ರು ಹುಬ್ಬೇರಿಸಿದರು. “ಯಾರು ಹೇಳಿದ್ದು?”

“ನಿಮ್ಮ ಸೀಟು. ವರ್ಷಕ್ಕೆ ಎರಡು ಸಲ ಎಡಗಡೆ ಸ್ಪಂಜು ತುಂಬಿಸ್ತಿದ್ದೆ.”

ಮೇಷ್ಟ್ರು ಕಾರಿನ ಬಾಗಿಲನ್ನು ತಾವೇ ತೆಗೆದು ನಿಂತರು. “ಹಾಗಾದ್ರೆ ನನ್ನ ಸೊಂಟ ಇಷ್ಟು ವರ್ಷ ಉಳಿಸಿದವರು ನೀವು. ಕೂತ್ಕೊಳ್ಳಿ.”

ಪಾಠ ನಡೆದದ್ದು ಖಾಲಿಯಾದ ಹಳೇ ಡಿಪೋ ಅಂಗಳದಲ್ಲಿ. ಬಸ್ಸುಗಳಿಲ್ಲದ ಆ ಜಾಗ ಮೈದಾನದಷ್ಟು ದೊಡ್ಡದು. ನೆಲದ ತುಂಬ ಎಣ್ಣೆ ಕಲೆ, ಗೋಡೆಯ ಮೇಲೆ ಮಾಸಿದ ಬಸ್ ನಂಬರುಗಳು. ಮೊದಲ ಸಲ ಕಾರು ತೆವಳಿದಾಗ ಸೂಜಿಯಕ್ಕನಿಗೆ ಮೈ ಜುಮ್ಮೆಂದಿತು. ಬಸ್ಸಿನಲ್ಲಿ ಕೂತಾಗ ಊರು ಪಕ್ಕಕ್ಕೆ ಸರಿದುಹೋಗುತ್ತಿತ್ತು. ಇಲ್ಲಿ ಎದುರಿನ ಗೋಡೆಯೇ ಅವಳನ್ನು ನೋಡಿಕೊಂಡು ನೇರ ಬರುತ್ತಿತ್ತು! ಅದನ್ನು ಕರೆತರುತ್ತಿರುವವಳೂ ತಾನೇ. ಇಷ್ಟು ದೊಡ್ಡ ಕಬ್ಬಿಣದ ಮುದ್ದೆ, ಕೈ ಒಂದಿಷ್ಟು ತಿರುಗಿಸಿದರೆ ತಾನೂ ಅಷ್ಟೇ ತಿರುಗುತ್ತದಲ್ಲ ಎಂದು ಅವಳಿಗೆ ನಂಬಲಾಗಲಿಲ್ಲ. ಮನೆಗೆ ಬಂದವಳು ತನ್ನ ಎರಡೂ ಅಂಗೈ ಚಾಚಿ ನೋಡಿಕೊಳ್ಳುತ್ತ ಕೂತಳು.

“ಏನೇ ಅದು, ಭವಿಷ್ಯ ನೋಡ್ಕೊಳ್ತಿದ್ದೀಯಾ?” ಅಂದ ಗಂಡ.

“ರೀ, ಅದು ನಾನು ಹೇಳಿದ ಮಾತು ಕೇಳುತ್ತೆ ಕಣ್ರೀ.”

“ಪುಣ್ಯಾತ್ಗಿತ್ತಿ, ಮನೆಯಲ್ಲಿ ನಾನು ಕೇಳ್ತಿರೋದು ಸಾಲದಾ?”

ಆದರೆ ಎಂಟನೇ ಪಾಠಕ್ಕೆ ಮೇಷ್ಟ್ರು ಅವಳನ್ನು ಸೇತುವೆಯ ಏರಿಗೆ ಕರೆದೊಯ್ದರು. ಮುಂದೆ ಲಾರಿ ನಿಂತಿತು, ಅವಳೂ ನಿಂತಳು. ಲಾರಿ ಹೊರಟಿತು, ಅವಳ ಕಾರು ಹೊರಡಲಿಲ್ಲ. ಒಂದು ಸಲ ಕೆಮ್ಮಿ ಆಫ್ ಆಯಿತು. ಮತ್ತೆ ಶುರು ಮಾಡಿದಳು, ಮತ್ತೆ ಕೆಮ್ಮಿತು. ಮೂರನೆಯ ಸಲ ಕಾರು ಹಿಂದಕ್ಕೆ ಜಾರತೊಡಗಿತು. ಹಿಂದಿನಿಂದ ಹಾರನ್ನುಗಳ ಸುರಿಮಳೆ. ಮೇಷ್ಟ್ರು ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ, ಜಾಗ ಬದಲಿಸಿ, ತಾವೇ ಕಾರು ದಾಟಿಸಿದರು.

“ನಿಮ್ಮ ಕಾಲಿಗೆ ಸ್ವಲ್ಪ ಬುದ್ಧಿ ಹೇಳ್ಬೇಕು ಅಕ್ಕಾ.”

“ನಾನೂ ಅದನ್ನೇ ಯೋಚಿಸ್ತಿದ್ದೀನಿ ಮೇಷ್ಟ್ರೇ. ಬಾಗಿಲು ತೆಗೆದು ಓಡಿಹೋಗೋಣ ಅಂತ.”

ನಕ್ಕಿದ್ದಳಾದರೂ ಮನಸ್ಸು ಕುಗ್ಗಿತ್ತು. ಆವತ್ತು ಸಂಜೆ ಗೇಟಿನ ಪಕ್ಕ ಮುಸುಕು ಹಾಕಿಕೊಂಡು ನಿಂತಿದ್ದ ಗಂಡನ ಬೈಕಿನ ಮೇಲೆ ಅವಳ ಕಣ್ಣು ಬಿತ್ತು. ಮುಸುಕು ತೆಗೆದು ಸುತ್ತ ಒಂದು ಸುತ್ತು ಬಂದಳು. ಕಾರಿನ ಆ ಕಡೆಯ ಅಂಚು ಎಲ್ಲಿ ಮುಗಿಯುತ್ತದೋ ದೇವರಿಗೇ ಗೊತ್ತು. ಇದು ಹಾಗಲ್ಲ, ಎರಡೂ ಕಡೆ ಕಣ್ಣಿಗೆ ಕಾಣುತ್ತದೆ. ನಿಂತುಹೋದರೆ ಕಾಲೂರಬಹುದು, ತಳ್ಳಿಕೊಂಡು ಪಕ್ಕಕ್ಕೆ ಹೋಗಬಹುದು.

“ರೀ, ಕಾರು ಬೇಡ. ನಂಗೆ ಇದನ್ನೇ ಕಲಿಸಿ.”

ಗಂಡ ಬೇಡ ಅನ್ನಲಿಲ್ಲ. ಆ ಬೈಕೆಂದರೆ ಅವನಿಗೆ ಜೀವ. ಭಾನುವಾರ ಬೆಳಿಗ್ಗೆ ಪಕ್ಕದ ಬೀದಿಯವರೊಬ್ಬರು ಅದನ್ನು ಹಳೇ ಡಿಪೋಗೆ ತಂದುಕೊಟ್ಟು ಹೋದರು. ಗಂಡ ತನ್ನ ಹೆಲ್ಮೆಟ್ ಅವಳ ತಲೆಗಿಟ್ಟು, ಪಟ್ಟಿ ಬಿಗಿದು, ಗೇರು ತೋರಿಸಿದ. ಅವಳು ಎಡಗೈಯಲ್ಲಿ ಹಿಡಿದ ಕ್ಲಚ್ಚನ್ನು ಮೆಲ್ಲಗೆ ಸಡಿಲಿಸಿದಳು. ಬೈಕು ಹೊರಟಿತು. ಗಂಡ ಎಡಗೈಯಲ್ಲಿ ಸೀಟು ಹಿಡಿದು ಹತ್ತು ಹೆಜ್ಜೆ ಜೊತೆಗೆ ಓಡಿ, ಕೈಬಿಟ್ಟು ಹಿಂದೆ ಉಳಿದ.

ಆ ಅರ್ಧ ನಿಮಿಷವನ್ನು ಸೂಜಿಯಕ್ಕ ಇವತ್ತಿಗೂ ಕಣ್ಣರಳಿಸಿ ಹೇಳುತ್ತಾಳೆ. ಅಷ್ಟು ವರ್ಷ ಗಂಡನ ಬೆನ್ನೇ ಅವಳಿಗೆ ರಸ್ತೆಯಾಗಿತ್ತು. ಆ ಬೆನ್ನು ಎದುರಿಗಿಲ್ಲದಿದ್ದರೆ ಇಷ್ಟು ಗಾಳಿ ಇರುತ್ತದೆ, ಇಷ್ಟು ಆಕಾಶ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅಂಗಳದ ಕೊನೆಯ ಗೋಡೆ ಹತ್ತಿರವಾಯಿತು. ತಿರುಗಿಸುವುದು ಗೊತ್ತಿರಲಿಲ್ಲ, ಬ್ರೇಕ್ ಹಾಕಿದಳು. ನಿಂತಿತು. ಎಲ್ಲ ಸರಿಯಾಗಿತ್ತು, ಆದರೆ ನಿಂತ ಬೈಕು ನಿಧಾನವಾಗಿ, ನಿದ್ದೆಗೆ ಜಾರಿದ ಎಮ್ಮೆಯ ಹಾಗೆ, ಒಂದು ಪಕ್ಕಕ್ಕೆ ವಾಲಿತು. ತಡೆಯುವಷ್ಟು ಕಸುವು ಅವಳಿಗಿರಲಿಲ್ಲ. ಬೈಕು ಮಲಗಿತು, ಪಕ್ಕದಲ್ಲಿ ಅವಳೂ.

ಗಂಡ ಏದುಸಿರು ಬಿಡುತ್ತ ಓಡಿಬಂದ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಇಬ್ಬರೂ ಸೇರಿ ಬೈಕು ಎತ್ತಲು ನೋಡಿದರು. ಅವನ ಮಣಿಕಟ್ಟು ಕೇಳಲಿಲ್ಲ, ಅವಳ ತೋಳು ಸಾಲಲಿಲ್ಲ. ನಾಲ್ಕು ಸಲ ಹೆಣಗಿ, ಕೊನೆಗೆ ಬೈಕಿನ ಪಕ್ಕದಲ್ಲೇ ನೆಲಕ್ಕೆ ಕೂತರು. ಮೊದಲು ನಕ್ಕವನು ಅವನು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತಮೇಲೆ ಗಂಡ ಮೆಲ್ಲಗೆ ಹೇಳಿದ: “ಒಂದು ಮಾತು ಹೇಳ್ತೀನಿ, ಬೈಬೇಡ. ನೀನು ಇದನ್ನ ಕಲಿತ್ರೂ ನಾನು ಹಿಂದೆ ಕೂರೋಕಾಗಲ್ಲ. ಈ ಕೈಯಲ್ಲಿ ಹಿಡ್ಕೊಳ್ಳೋಕೇ ಆಗಲ್ಲ. ಕಾರಾದ್ರೆ ಪಕ್ಕದಲ್ಲಿ ಕೂತ್ಕೊಂಡು ಬರ್ತೀನಿ.”

ತಾನು ಎಲ್ಲಿಗೆ ಹೋಗಬೇಕೆಂದು ಯೋಚಿಸಿದ್ದಳೇ ಹೊರತು, ತನ್ನ ಜೊತೆ ಬರಲು ಕಾದು ಕೂತವನೊಬ್ಬನಿದ್ದಾನೆಂದು ಹೊಳೆದಿರಲಿಲ್ಲ.

ಮರುದಿನ ಮತ್ತೆ ಮೇಷ್ಟ್ರ ಮುಂದೆ ನಿಂತಳು. ಮೇಷ್ಟ್ರು ಈ ಸಲ ಕಾರು ಹತ್ತಲಿಲ್ಲ. “ನಡೀರಿ, ನಿಮ್ಮ ಹೊಲಿಗೆ ಮಿಷಿನ್ ತೋರಿಸಿ,” ಅಂದರು. ಮನೆಯಲ್ಲೂ ಡಿಪೋದಲ್ಲಿದ್ದಂಥದ್ದೇ ಮೋಟಾರಿನ ದೊಡ್ಡ ಮಿಷಿನ್ ಒಂದಿತ್ತು. ಅವಳು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕೂತು, ಎರಡು ಪದರ ರೆಕ್ಸಿನ್ ಇಟ್ಟು ಹೊಲಿದು ತೋರಿಸಿದಳು. ಮೇಷ್ಟ್ರು ಬಟ್ಟೆಯನ್ನು ನೋಡಲೇ ಇಲ್ಲ, ನೆಲಕ್ಕೆ ಬಗ್ಗಿ ಅವಳ ಪಾದವನ್ನೇ ನೋಡುತ್ತಿದ್ದರು.

“ಎಡಗಾಲಲ್ಲೇ ಒತ್ತೋದಾ?”

“ಮೊದಲಿನಿಂದಲೂ ಹಂಗೇ.”

“ಒತ್ತಿದ್ರೆ ಓಡುತ್ತೆ, ಬಿಟ್ರೆ ನಿಲ್ಲುತ್ತೆ. ಹೌದಾ?”

“ಹೂಂ ಮತ್ತೆ.”

“ಸಿಕ್ಕಿದ ಕಳ್ಳ!” ಮೇಷ್ಟ್ರು ತೊಡೆ ತಟ್ಟಿಕೊಂಡರು. “ಕ್ಲಚ್ಚು ಇದಕ್ಕೆ ಪೂರಾ ಉಲ್ಟಾ. ಒತ್ತಿದ್ರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತೆ, ಬಿಟ್ರೆ ಗಾಡಿ ಓಡುತ್ತೆ. ಹೆದರಿದಾಗ ನಿಮ್ಮ ಕಾಲು ‘ನಿಲ್ಲಿಸೋಣ’ ಅಂತ ಪೆಡಲ್ ಒಮ್ಮೆಲೇ ಬಿಟ್ಟುಬಿಡುತ್ತೆ, ಎಂಜಿನ್ ಕೆಮ್ಮಿ ಆಫ್ ಆಗುತ್ತೆ. ಪಾಪ, ಅದರ ತಪ್ಪಲ್ಲ. ಇಪ್ಪತ್ತೆರಡು ವರ್ಷದ ನೌಕರಿ ಅದರದ್ದು.”

ಸೂಜಿಯಕ್ಕ ತನ್ನ ಪಾದವನ್ನೇ ದಿಟ್ಟಿಸಿದಳು. ತಾನು ಮರೆತೇಹೋಗಿದ್ದ ಈ ಕಾಲು ಎಷ್ಟು ಸಾವಿರ ಸೀಟುಗಳನ್ನು ನೆನಪಿಟ್ಟುಕೊಂಡು ಕೂತಿದೆ!

ಮೇಷ್ಟ್ರ ಉಪಾಯ ಸರಳವಾಗಿತ್ತು. ಕಾರಿಗೆ ಹತ್ತುವಾಗ ಬರಿಗಾಲೂ ಬೇಡ, ಚಪ್ಪಲಿಯೂ ಬೇಡ, ಲೇಸು ಕಟ್ಟುವ ಬೂಟು ಹಾಕಬೇಕು. ಇದು ಬೇರೆ ಕೆಲಸ ಎಂದು ಕಾಲಿಗೆ ತಿಳಿಯಬೇಕು. ಗಂಡನ ಕ್ಯಾನ್ವಾಸ್ ಬೂಟಿನ ತುದಿಗೆ ಸ್ಪಂಜಿನ ಚೂರು ತುರುಕಿ ಅವಳು ತೊಟ್ಟಳು. ಮೂರು ವಾರ, ಸೇತುವೆಯ ಏರಿನಲ್ಲೇ, ನಿಲ್ಲಿಸುವುದು, ಹೊರಡುವುದು. ಕ್ಲಚ್ಚನ್ನು ಕೂದಲೆಳೆಯಷ್ಟು ಸಡಿಲಿಸಿದಾಗ ಕಾರಿನ ಮೂತಿ ತುಸು ಮೇಲೇಳುತ್ತದೆ, ಮೈಯೆಲ್ಲ ಸಣ್ಣಗೆ ನಡುಗುತ್ತದೆ. ಆ ಕ್ಷಣದಲ್ಲಿ ಕಾರು ಹಿಂದಕ್ಕೂ ಜಾರದು, ಮುಂದಕ್ಕೂ ಹೋಗದು. ಇಳಿಜಾರಿನ ನಡುಮಧ್ಯೆ ಅಷ್ಟು ಭಾರವನ್ನು ತನ್ನ ಒಂದು ಪಾದ ಹಾಗೇ ಎತ್ತಿ ಹಿಡಿದಿದೆ ಎಂದು ಗೊತ್ತಾದ ದಿನ ಅವಳ ಕಣ್ಣು ತುಂಬಿಬಂತು. “ಮೇಷ್ಟ್ರೇ, ನೀವು ದಿನಾ ಅರವತ್ತು ಜನರನ್ನ ಕೂರಿಸ್ಕೊಂಡು ಹೀಗೆ ಹಿಡಿದಿರ್ತಿದ್ರಾ?”

“ಹೂಂ. ಒಬ್ರಿಗೂ ಗೊತ್ತಾಗ್ತಿರಲಿಲ್ಲ. ಗೊತ್ತಾಗದ ಹಾಗೆ ಮಾಡೋದೇ ಕೆಲಸ.”

ಪರೀಕ್ಷೆಯಲ್ಲಿ ಮೊದಲ ಸಲ ಫೇಲು, ಹಿಂದಕ್ಕೆ ತೆಗೆಯುವಾಗ ಒಂದು ಕಂಬ ಬೀಳಿಸಿದ್ದಳು. ಎರಡನೆಯ ಸಲ ಪಾಸು. ಲೈಸೆನ್ಸ್ ಕೈಗೆ ಬಂದಮೇಲಿನ ಸೋಮವಾರ ಬೆಳಿಗ್ಗೆ ಆರೂವರೆಗೆ ಒಬ್ಬಳೇ ಹೊರಟಳು. ಸೇತುವೆಯ ಏರಿನಲ್ಲಿ ನಿಂತಳು, ಹೊರಟಳು, ದಾಟಿದಳು. ಆಚೆ ಕಡೆಯ ನೇರ ರಸ್ತೆಯಲ್ಲಿ ಎದುರಿನಿಂದ ಡಿಪೋ ಬಿಟ್ಟ ಬಸ್ಸುಗಳು ಸಾಲಾಗಿ ಬರುತ್ತಿದ್ದವು. ಮೊದಲ ಬಸ್ಸಿನ ಡ್ರೈವರ್ ಅವಳನ್ನು ನೋಡಿ, ಗುರುತು ಹಿಡಿದು, ಸ್ಟೇರಿಂಗ್ ಮೇಲಿಂದ ಎರಡು ಬೆರಳೆತ್ತಿದ. ಡ್ರೈವರುಗಳು ತಮ್ಮತಮ್ಮಲ್ಲಿ ಮಾಡುವ ನಮಸ್ಕಾರ ಅದು. ಎರಡನೆಯವನೂ ಎತ್ತಿದ, ಮೂರನೆಯವನು ಲೈಟು ಮಿಟುಕಿಸಿದ. ಹೆಸರು ಗೊತ್ತಿಲ್ಲದವರೂ ಕೈ ಎತ್ತಿದರು. ಅವಳು ಬೆರಳೆತ್ತಲು ಧೈರ್ಯವಾಗದೆ ಬರೀ ತಲೆ ಆಡಿಸುತ್ತ, ಬಾಯಿ ತೆರೆದುಕೊಂಡೇ ಹದಿನಾಲ್ಕು ಕಿಲೋಮೀಟರ್ ಮುಗಿಸಿದಳು. ಡಿಪೋ ತಲುಪಿದಮೇಲೂ ಎಂಜಿನ್ ಆರಿಸಿ, ಹತ್ತು ನಿಮಿಷ ಸೀಟಿನಲ್ಲೇ ಕೂತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೆಲಸಕ್ಕೆ ತಡವಾಯಿತು.

ಈಗ ಐದು ವರ್ಷವಾಯಿತು. ಬೈಕನ್ನು ಅಂಚೆ ಹಂಚುವ ನಾದಿನಿಗೆ ಕೊಟ್ಟಿದ್ದಾರೆ. ಹಿಂದಕ್ಕೆ ತೆಗೆಯುವುದೆಂದರೆ ಸೂಜಿಯಕ್ಕನಿಗೆ ಇವತ್ತಿಗೂ ಅಳುಕು. ಎರಡು ಸಲ ಇಳಿದು ನೋಡಿಯೇ ತೆಗೆಯುತ್ತಾಳೆ. ಭಾನುವಾರ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿಗೆ ಅಂತಿಲ್ಲದೆ ಹೊರಡುತ್ತಾಳೆ. “ಲಾರಿ, ಲಾರಿ,” ಎಂದು ಅವನು ಕೂಗಿದಾಗಲೆಲ್ಲ, “ಕಾಣಿಸ್ತಿದೆ ಸುಮ್ನಿರ್ರೀ,” ಅನ್ನುತ್ತಾಳೆ.