ಮಾಧುರಿ ಕೂತ ಬೆಂಚುಗಳು

ನನ್ನ ತಮ್ಮ ಶಶಿಕಾಂತನ ಹೆಂಡತಿ ಮಾಧುರಿ ಸಿಂಗಾಪುರಕ್ಕೆ ಹೋಗೋಣವೆಂದು ಹಟ ಹಿಡಿದಾಗ ನಾನು ಮುಖಕ್ಕೇ ಕೇಳಿದೆ: "ಭಾಂಡುಪ್ ಸ್ಟೇಷನ್ನಿನ ಬ್ರಿಜ್ ಹತ್ತಾಕ ಆಗವಲ್ದು ನಿನಗ, ಸಿಂಗಾಪುರ ಹೆಂಗ ತಿರಗತೀ?"

"ಅಲ್ಲಿ ಎಲ್ಲಾ ಕಡೆ ಲಿಫ್ಟ್ ಅದಾವಂತ, ಅಕ್ಕಾರ," ಎಂದು ನಕ್ಕಳು. ಉತ್ತರ ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದಳು, ಬೆರಕಿ.

ಅವಳಿಗೆ ಸಂಧಿವಾತ. ಮಗ ಅಮೋಲ್ ಹುಟ್ಟಿದ ವರ್ಷ ಬೆರಳಿನಲ್ಲಿ ಶುರುವಾದದ್ದು ಮೊಣಕಾಲಿಗೆ ಇಳಿಯಿತು, ಆಮೇಲೆ ಪಾದಕ್ಕೆ. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುವುದಿಲ್ಲ. ಬಿಸಿನೀರಿನ ಬೋಗುಣಿಯಲ್ಲಿ ಕೈ ಇಟ್ಟುಕೊಂಡು ಕೂತು, ಬೆರಳು ಸ್ವಲ್ಪ ಮಣಿದ ಮೇಲೆಯೇ ಡಬ್ಬಿ ಕಟ್ಟುವುದು, ಮುಂಬೈ ಲೋಕಲ್ ರೈಲು ಹಿಡಿದು ಘಾಟ್ಕೋಪರಿನ ಆಫೀಸಿಗೆ ಹೋಗುವುದು. ನೋಡುವುದಕ್ಕೆ ಮಾತ್ರ ಗಟ್ಟಿಮುಟ್ಟು. ಹಾಗಾಗಿ ಲೋಕಲ್ಲಿನಲ್ಲಿ ಯಾರೂ ಸೀಟು ಬಿಡುವುದಿಲ್ಲ. ಬಿಲ್ಡಿಂಗಿನ ಹೆಂಗಸರು ಹಿಂದಿನಿಂದ ಸೋಮಾರಿ ಅನ್ನುತ್ತಾರೆ. ಆ ಬಾಯಿಗಳಿಗೆ ಹೊಲಿಗೆ ಹಾಕಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇಷ್ಟಾದರೂ ಮಕ್ಕಳೆದುರು ಅವಳ ಬಾಯಿಂದ ನೋವು ಎಂಬ ಮಾತು ಬರುತ್ತಿರಲಿಲ್ಲ. ತೀರಾ ಆಗದಿದ್ದಾಗ "ಮಮ್ಮಾಗ ಆಫೀಸಿನ ಕೆಲಸ ಅದ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು. ಯಾಕೆಂದು ನನಗೆ ಗೊತ್ತು. ಅವಳು ಬೆಳೆದದ್ದು ಧಾರಾವಿಯಲ್ಲಿ. ಅವಳಪ್ಪ ಪರಪ್ಪ ವಿಜಯಪುರದ ಕಡೆಯಿಂದ ಬಂದು ಚರ್ಮದ ಬ್ಯಾಗು ಹೊಲಿಯುತ್ತಿದ್ದವರು. ಅವ್ವ ಶರಣವ್ವನಿಗೆ ಸೊಂಟ ಹಿಡಿದು ಮಲಗಿದಲ್ಲೇ ಆದಾಗ ಇವಳಿನ್ನೂ ಶಾಲೆಯ ಮೂರನೇ ಇಯತ್ತೆ. ನೀರು ತುಂಬಿದಳು, ಅನ್ನಕ್ಕಿಟ್ಟಳು, ಅವ್ವನ ಮುಖ ನೋಡಿ ಈ ದಿನ ಹೇಗಿದೆಯೆಂದು ತಿಳಿಯುವುದನ್ನು ಕಲಿತಳು.

"ನಾ ಸಣ್ಣಾಕಿ ಇದ್ದದ್ದ ನನಗ ನೆನಪಿಲ್ಲ, ಅಕ್ಕಾರ," ಎಂದು ಒಮ್ಮೆ ಹೇಳಿದ್ದಳು. "ನನ್ನ ಮಕ್ಕಳಿಗೆ ಹಂಗ ಆಗಬಾರದು. ಇನ್ನೂ ನಡೀಲಿಕ್ಕೆ ಬರತದ, ಅಷ್ಟರಾಗ ಒಂದ ಸರ್ತಿ ಅವರನ್ನ ದೂರ ಕರಕೊಂಡು ಹೋಗಿ ಕುಣಿಸಿ ಬರಬೇಕು. ನಮ್ಮ ಮಮ್ಮಾಗ ಏನೂ ಆಗಿಲ್ಲ ಅಂತನ ಅವರು ತಿಳದಿರಲಿ."

ಇದಕ್ಕೆ ಎದುರಾಡುವುದು ಹೇಗೆ? ಟೂರಿನವರ ಜೊತೆ ಹೊರಟೆವು. ಕೈಗೊಬ್ಬರು ಇರಲಿ ಎಂದು ನನ್ನನ್ನೂ ಎಳೆದುಕೊಂಡರು. ಟೂರ್ ಮ್ಯಾನೇಜರ್ ಸಚಿನ ಎಂಬ ಚುರುಕು ಹುಡುಗ ಕೆಂಪು ಬಾವುಟ ಎತ್ತಿ ಹಿಡಿದು "ಚಲಾ ಚಲಾ" ಎಂದು ಮುಂದೆ ಓಡುವವನು, ನಾವೆಲ್ಲ ಅವನ ಹಿಂದೆ. ಮಾಧುರಿ ತುಟಿಗೆ ಬಣ್ಣ ಹಚ್ಚಿ, ಹೊಸ ಬೂಟು ಹಾಕಿ, ಹೋದಲ್ಲೆಲ್ಲ ಮೊದಲ ಫೋಟೊಕ್ಕೆ ನಿಲ್ಲುತ್ತಿದ್ದಳು. ನುಂಗಿದ ಗುಳಿಗೆಗಳ ಲೆಕ್ಕ ಅವಳಿಗೂ ದೇವರಿಗೂ ಬಿಟ್ಟದ್ದು.

ಆದರೆ ಮಕ್ಕಳು ಮೊದಲ ದಿನದಿಂದಲೇ ತಲೆ ತಿನ್ನತೊಡಗಿದವು. ಪಕ್ಷಿಗಳ ತೋಟದಲ್ಲಿ ಅರ್ಧ ದಾರಿ ನಡೆದಿರಲಿಲ್ಲ, ಮಗಳು ಸಾನಿಕಾ ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತಳು. ಒಂಬತ್ತು ವರ್ಷದ ಜಾಣ ಹುಡುಗಿ, ಹೀಗೆಲ್ಲ ರಗಳೆ ಮಾಡುವವಳೇ ಅಲ್ಲ. ಸಂಜೆ ಹೂದೋಟದಲ್ಲಿ ಅಮೋಲನ ಕಾಲು ನೋವು. ಮರುದಿನ ಮತ್ತೆ ಅದೇ ಹಾಡು. ಮಕ್ಕಳು ಕೂತಾಗ ಮಾಧುರಿ ಪಕ್ಕದಲ್ಲಿ ಕೂತು ನೀರು ಕುಡಿಸಿ ಕಾಲು ಒತ್ತುತ್ತಿದ್ದಳು. ಬಾವುಟ ಮುಂದೆ ಹೋಗುತ್ತಿತ್ತು. ಟೂರಿನ ಹೆಂಗಸೊಬ್ಬಳು "ಆಜ್‌ಕಲ್ ಕೆ ಬಚ್ಚೋಂ ಮೇಂ ದಮ್ ಹೀ ನಹೀ" ಎಂದು, ಈಗಿನ ಮಕ್ಕಳಲ್ಲಿ ಕಸುವೇ ಇಲ್ಲವೆಂದು, ನಮಗೆ ಕೇಳುವಂತೆಯೇ ಹೇಳಿದಳು. ತನ್ನ ಮಗ ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿದ್ದು ಮರೆತಿದ್ದಳೋ ಏನೋ!

ಮೂರನೆಯ ದಿನ ಮೃಗಾಲಯ. ಅಮೋಲನಿಗೆ ಹುಲಿಯ ಹುಚ್ಚು. ಶಾಲೆಯ ಬ್ಯಾಗಿನ ಮೇಲೆ ಹುಲಿ, ನೀರಿನ ಬಾಟಲಿಯ ಮೇಲೆ ಹುಲಿ. ಟಿಕೆಟ್ ಮಾಡಿಸಿದಂದಿನಿಂದ ಅದರದೇ ಜಪ. ಬಿಸಿಲು ಚುರುಚುರು ಅನ್ನುತ್ತಿತ್ತು, ಹುಲಿಯಿದ್ದ ಕಡೆಗೆ ದಾರಿ ಏರುತ್ತಿತ್ತು. ಅಲ್ಲಿಗೆ ಇನ್ನೇನು ಬಂದೆವು ಅನ್ನುವಾಗ ಹುಡುಗ ನೆಲದ ಮೇಲೆ ಕುಕ್ಕರಿಸಿಬಿಟ್ಟ.

"ಕಾಲು ನೋಯ್ತಾವ. ನಾ ಬರಂಗಿಲ್ಲ."

"ಏಳಲೇ! ಹುಲಿ ಹುಲಿ ಅಂತ ಜೀವಾ ತಿಂದಾಂವ ನೀನ ಹೌದಲ್ಲೋ?" ಎಂದ ಶಶಿಕಾಂತ.

"ಟೈಗರ್ ಬೇಡ ನಂಗೆ."

ಶಶಿಕಾಂತನ ತಾಳ್ಮೆ ಹೋಯಿತು. ಎಲ್ಲರೆದುರೇ ಮಗನ ಕೆನ್ನೆಗೆ ಒಂದು ಬಿಟ್ಟ. ಆರು ವರ್ಷದ ಕೂಸು! ಅತ್ತನೇ ಹೊರತು ಏಳಲಿಲ್ಲ. "ಕೈ ಮುರೀತೀನಿ ನಿಂದು" ಎಂದು ನಾನು ತಮ್ಮನಿಗೆ ಗದರಿದೆ. ಮಕ್ಕಳನ್ನು ನೆರಳಿನ ಬೆಂಚಿಗೆ ಕೂರಿಸಿ ಅವನು ಬಿರಬಿರನೆ ಐಸ್‌ಕ್ರೀಮ್ ತರಲು ಹೋದ, ಹೊಡೆದ ಮೇಲೆ ಅಪ್ಪಂದಿರು ಮಾಡುವುದೇ ಅದು. ಅವರ ಪಕ್ಕ ಕೂತ ಮಾಧುರಿಯ ಮುಖ ಬಿಳಿಚಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಮುಖ ತೊಳೆದು ಬರುತ್ತೇನೆಂದು ಎದ್ದಳು. ಬೆಂಚಿನ ಹಿಂದೆಯೇ ಗಿಡಗಳ ಮರೆಯಲ್ಲಿ ನಲ್ಲಿಯಿತ್ತು, ನಾನೂ ಜೊತೆಗೆ ಹೋದೆ.

ಅಲ್ಲಿಗೆ ಮಕ್ಕಳ ಮಾತು ಕೇಳಿಸುತ್ತಿತ್ತು. ತಮ್ಮತಮ್ಮೊಳಗೆ ಮಾತಾಡುವ ಅವರ ಮುಂಬೈ ಬೆರಕೆ ಭಾಷೆ.

"ಪಪ್ಪಾ ಜೋರ್ ಸೇ ಹೊಡೆದ," ಅಮೋಲ್ ಬಿಕ್ಕುತ್ತಿದ್ದ. "ಟೈಗರ್ ಭೀ ಹೋಯ್ತು."

"ಸುಮ್ಮನಿರು. ಮಮ್ಮಾ ಕೂತ್ಲು ನಾ? ಬಸ್, ಸಾಕು," ಎಂದಳು ಸಾನಿಕಾ. "ಮಮ್ಮಾ ಬ್ಯಾಗಿನ ಬೆಲ್ಟ್ ಗಟ್ಟಿ ಹಿಡಿದ್ಲು ಅಂದ್ರ ಅವಳಿಗೆ ಬಹುತ್ ನೋಯ್ತದ. ನಾ ನೋಡಿದೆ, ಅದಕ್ಕೇ ನಿನಗೆ ಇಶಾರಾ ಮಾಡಿದೆ."

"ಲೇಕಿನ್ ಪ್ರತೀ ಸಲ ನನ್ನ ಕಾಲೇ ಯಾಕೆ?"

"ಈಗ ನಿಂದು ಆಯ್ತು. ನೆಕ್ಸ್ಟ್ ನನ್ನ ಹೊಟ್ಟೆ. ಪ್ರಾಮಿಸ್. ಮಮ್ಮಾಗೆ ಹೇಳಬ್ಯಾಡ, ನಮಗೆ ಏನೂ ಮಾಲೂಮ್ ಇಲ್ಲ, ಗೊತ್ತಿಲ್ಲ ಅಂತನೇ ಅವಳಿಗೆ ಬೇಕು."

ನಲ್ಲಿ ಹರಿಯುತ್ತಲೇ ಇತ್ತು. ಮಾಧುರಿ ಗೋಡೆಗೆ ಒರಗಿದಳು. ನನಗೆ ಅವಳ ಕಡೆ ನೋಡುವ ಧೈರ್ಯ ಬರಲಿಲ್ಲ.

"ಎಷ್ಟ ದಿನದಿಂದ ಅಕ್ಕಾರ?" ಎಂದಳು ಮೆಲ್ಲಗೆ. "ಮನ್ಯಾಗೂ ಹಿಂಗನ ಮಾಡತಿದ್ದವೇನೋ. ನಾ ಬಾಗಲಾ ಹಾಕ್ಕೊಂಡಿದ್ದೆ."

ಅವಳು ನಲ್ಲಿ ನಿಲ್ಲಿಸಿ, ಸೆರಗಿಲ್ಲದ ಅಂಗಿಯ ತುದಿಯಲ್ಲೇ ಮುಖ ಒರೆಸಿಕೊಂಡು, ನನ್ನ ತೋಳು ಹಿಡಿದು ಹೊರಬಂದಳು. ಆ ಮೂರು ದಿನಗಳಲ್ಲಿ ಅವಳು ಕುಂಟುವುದನ್ನು ಮರೆಮಾಚದೆ ನಡೆದದ್ದು ಅದೇ ಮೊದಲು.

ಶಶಿಕಾಂತ ಐಸ್‌ಕ್ರೀಮ್ ಹಿಡಿದು ಬಂದಿದ್ದ. ಮಾಧುರಿ ಮಕ್ಕಳ ನಡುವೆ ಕೂತು ಇಬ್ಬರ ಕೈಯನ್ನೂ ತೊಡೆಯ ಮೇಲಿಟ್ಟುಕೊಂಡಳು.

"ನನಗ ಕಾಲು ಭಾಳ ನೋಯ್ತಾವ," ಎಂದಳು. "ಕೈನೂ ನೋಯ್ತಾವ. ದಿನಾ ನೋಯ್ತಾವ. ಈಗ ನನಗ ನಡೀಲಿಕ್ಕೆ ಆಗಂಗಿಲ್ಲ, ನಾ ಇಲ್ಲೇ ಕೂಡ್ತೀನಿ. ನೀವು ಸುಳ್ಳ ನೋವು ತಂದಕೋಬ್ಯಾಡ್ರಿ. ಪಪ್ಪಾನ ಜೋಡಿ ಹೋಗಿ ಹುಲಿ ನೋಡಿಬರ್ರಿ."

ಶಶಿಕಾಂತನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವನು ಮಗನ ಕೆನ್ನೆ ನೋಡಿದ, ತನ್ನ ಕೈ ನೋಡಿಕೊಂಡ. ಐಸ್‌ಕ್ರೀಮ್ ಕರಗಿ ಬೆರಳ ಮೇಲೆ ಸುರಿಯುತ್ತಿತ್ತು.

ಸಾನಿಕಾ ಅಪ್ಪನ ಜೊತೆ ಹೊರಟಳು, ಹಿಂದೆ ಹಿಂದೆ ನೋಡುತ್ತ. ಅಮೋಲ್ ಅವರ ಜೊತೆ ಸ್ವಲ್ಪ ದೂರ ಓಡಿದ. ಎಷ್ಟು ಚೆನ್ನಾಗಿ ಓಡುತ್ತಿದ್ದ! ಹೋಗಲಿ, ಇಷ್ಟಾದರೂ ಆಯಿತು ಎಂದುಕೊಂಡೆ. ಅಷ್ಟರಲ್ಲಿ ಹುಡುಗ ನಿಂತ, ತಿರುಗಿ ಬಂದು ತಾಯಿಯ ಪಕ್ಕ ಬೆಂಚು ಹತ್ತಿ ಕೂತ.

"ಹೋಗೋ ರಾಜಾ," ಮಾಧುರಿ ಅಂಗಲಾಚಿದಳು. "ನಿನ್ನ ಕಾಲು ನೋಯಂಗಿಲ್ಲಲ್ಲ?"

"ಸಚ್ಚಿ ನೋಯಂಗಿಲ್ಲ, ಮಮ್ಮಾ," ಎಂದ ಅವನು. "ಆದ್ರೂ ಕೂಡ್ತೀನಿ."

ಮಾಧುರಿ ಆಗ ಮಗನೆದುರೇ ಗಟ್ಟಿಯಾಗಿ ಅತ್ತಳು. ಅವನು ಅವಳ ಊದಿದ ಬೆರಳುಗಳನ್ನು ನೋಯದ ಹಾಗೆ, ತುದಿಯಲ್ಲಷ್ಟೇ, ಹಿಡಿದುಕೊಂಡಿದ್ದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಾರಿಯ ಆ ತುದಿಯಲ್ಲಿ ಹುಲಿ ಎದ್ದಿತೇನೋ, ಜನ ಹೋ ಎಂದು ಕೂಗಿದರು. ಹುಡುಗ ಆ ಕಡೆ ತಿರುಗಿ ನೋಡಲಿಲ್ಲ.