ಸೆರಗಿನಲ್ಲಿ ಒರೆಸಿದ ಹೂವು

ಗುಡಿಯಲ್ಲಿ ಸಪ್ಪಲಮ್ಮನ ಬಲಭುಜದಿಂದ ಆ ಹೂವು ತಾನಾಗಿ ಬೀಳಲಿಲ್ಲ. ಬೀಳುವಂತೆ ಮಾಡಿದವಳು ನಾನು.

ಮನು, ಪಲ್ಲವಿ — ಇದನ್ನು ಮೊದಲೇ ಬರೆದುಬಿಟ್ಟೆ. ಸುತ್ತಿ ಬಳಸಿ ಹೋದರೆ ನಡುವೆ ಎಲ್ಲಾದರೂ ಕೈ ನಿಂತುಬಿಡುತ್ತದೆ ಎಂಬ ಭಯ. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುವವಳು. ಫೋನಿನಲ್ಲಿ ಮಾತಾಡಿದರೂ ನನ್ನ ದನಿ ಕೇಳಿಸುವುದಿಲ್ಲವೆಂದು ನೀವೇ ನಗುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ನೀವಿಬ್ಬರೂ ನಡುಮನೆಯಲ್ಲಿ ಕೂತು ಟ್ರ್ಯಾಕ್ಟರಿನ ವಿಷಯಕ್ಕೆ ಕಿತ್ತಾಡಿದಿರಿ. ಯಾವ ಕಂಪನಿಯದು ತರುವುದು ಎಂದು. ನಾನು ಅಡಿಗೆಮನೆಯ ಬಾಗಿಲಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದೆ.

“ರಾಗಿ ಹೊಲಕ್ಕೂ ಅದೇ, ಸೊಪ್ಪಿನ ಮಡಿಗೂ ಅದೇ, ಗೊಬ್ಬರ ಹೊಡೆಯೋಕೂ ಅದೇ. ಎಲ್ಲಾ ಕೆಲ್ಸಕ್ಕೂ ಒಂದೇ ಗಾಡಿ ಕಣೇ. ದೊಡ್ಡದೇ ಬೇಕು” ಎಂದ ಮನು.

“ನಿನ್ ದೊಡ್ಡ ಗಾಡಿ ಮಡಿ ಮೇಲೆ ಓಡಾಡಿದ್ರೆ ಮಣ್ಣೆಲ್ಲ ಮೆಟ್ಟಿ ಸಿಮೆಂಟ್ ಆಗೋಗುತ್ತೆ. ಯಾವನೋ ವಿಡಿಯೋದಲ್ಲಿ ಸಕ್ಕತ್ತಾಗಿದೆ ಅಂದ ಅಂತ ತಗೊಂಡ್ಬಿಡ್ತೀಯಾ?”

“ನೀನ್ ನೋಡಿರೋದೂ ವಿಡಿಯೋನೇ ಅಲ್ವೇನೇ!”

ನಿಮ್ಮ ಜಗಳ ಕೇಳಿ ನನಗೆ ನಗು ಬಂದಿತ್ತು. ಆಮೇಲೆ ಮನು ಹೇಳಿದ — “ಬಿಡು, ಸಪ್ಪಲಮ್ಮನ ಹತ್ರ ಹೂ ಕೇಳ್ಬಿಡೋಣ. ಅಜ್ಜಿ ತಟ್ಟೆ ಹಿಡೀಲಿ. ಅಜ್ಜಿ ಕೈಲಿ ಕೊಟ್ಟ ಹೂ ಸುಳ್ಳು ಹೇಳಲ್ಲ.”

ನನ್ನ ಕೈಯಲ್ಲಿದ್ದ ಸೊಪ್ಪು ಅಲ್ಲೇ ಉಳಿಯಿತು. ಗಂಡ ಹೋದವಳು ದೇವರ ತಟ್ಟೆ ಹಿಡಿಯಬಾರದು ಕಣೋ ಎಂದೆ. “ಅದೆಲ್ಲ ಆ ಕಾಲ ಅಜ್ಜಿ” ಎಂದು ಅವನು ನಕ್ಕ. ನಿಜ ಹೇಳಬೇಕೆಂದರೆ ನನಗೂ ಅದರಲ್ಲಿ ನಂಬಿಕೆಯಿಲ್ಲ. ಬಚ್ಚಿಟ್ಟುಕೊಳ್ಳಲು ಅದೊಂದು ಮರೆ ಸಿಕ್ಕಿತು, ಅಷ್ಟೇ.

ನಿಮ್ಮಪ್ಪ ಇನ್ನೂ ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದ ಕಾಲ ಅದು. ಈಗ ಮೆಟ್ರೋ ಬಂದು ನಿಲ್ಲುವ ಕಾಡುಗೋಡಿಯಿಂದ ನಮ್ಮೂರಿಗೆ ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರ, ರಾಗಿ ಹೊಲ. ಮನೆಯಲ್ಲಿ ಎತ್ತುಗಳಿಗೆ ವಯಸ್ಸಾಗಿತ್ತು. ಮಾವ ಟ್ರ್ಯಾಕ್ಟರ್ ತರೋಣ ಎಂದರು. ಅಂದಿನಿಂದ ಮನೆಯಲ್ಲಿ ಅಣ್ಣತಮ್ಮಂದಿರಿಗೆ ಮಾತೇ ಸರಿಬರಲಿಲ್ಲ. ನಿಮ್ಮ ತಾತನಿಗೆ ನೀಲಿ ಗಾಡಿ ಬೇಕು — ಹಗುರ, ಡೀಸೆಲ್ ಕಡಿಮೆ ಕುಡಿಯುತ್ತದೆ, ಸಣ್ಣ ಹೊಲದಲ್ಲಿ ಸಲೀಸಾಗಿ ತಿರುಗುತ್ತದೆ. ಅವರ ತಮ್ಮ ಮುನಿರಾಜನಿಗೆ, ನಿಮ್ಮ ಚಿಕ್ಕತಾತನಿಗೆ, ಕೆಂಪು ಗಾಡಿ ಬೇಕು. ಅದು ತೂಕದ ಗಾಡಿ. ಬೇಸಿಗೆಯಲ್ಲಿ ಕೆರೆಯಿಂದ ಹೂಳು ತುಂಬಿ ಏರಿ ಹತ್ತಿಸಬೇಕಲ್ಲ, ಹಗುರದ ಗಾಡಿಯಾದರೆ ಮುಂದಿನ ಚಕ್ರ ಎದ್ದುಬಿಡುತ್ತದೆ ಎನ್ನುವುದು ಅವನ ವಾದ. ಮನೆಯಲ್ಲಿ ಗಾಡಿ ಓಡಿಸಲು ಬರುತ್ತಿದ್ದದ್ದು ಅವನೊಬ್ಬನಿಗೇ.

ಎರಡು ಕಂಪನಿಯವರೂ ಗಾಡಿ ತಂದು ನಮ್ಮ ಹೊಲದಲ್ಲಿ ಉತ್ತು ತೋರಿಸಿದರು. ನಾನು ಮಜ್ಜಿಗೆ ತೆಗೆದುಕೊಂಡು ಹೋಗಿದ್ದೆ. ನೀಲಿ ಗಾಡಿ ಮಾವಿನ ಮರದ ಹತ್ತಿರ ಎಷ್ಟು ಚೆನ್ನಾಗಿ ತಿರುಗಿತು — ನನಗೂ ಅದೇ ಇಷ್ಟವಾಯಿತು. ಆದರೆ ಏರಿಯ ಬುಡದ ಜೌಗಿನಲ್ಲಿ ನೇಗಿಲು ಕಚ್ಚಿಕೊಂಡಾಗ ಅದರ ಮುಂದಿನ ಚಕ್ರ ನೆಲ ಬಿಟ್ಟು ಒಂದಿಷ್ಟು ಮೇಲಕ್ಕೆ ಬಂದಿತು. ತಕ್ಷಣ ಕೂತುಕೊಂಡಿತು. ಗಂಡಸರು ಅಷ್ಟು ಹೊತ್ತಿಗೆ ಮರದ ಕೆಳಗೆ ಮಾತಿಗೆ ನಿಂತಿದ್ದರು. ಬದುವಿನ ಮೇಲಿದ್ದ ನಾನು ನೋಡಿದೆ.

ನಾನು ನೋಡಿದೆ. ಹೇಳಲಿಲ್ಲ.

ಯಾಕೆಂದರೆ ನನ್ನ ತಮ್ಮ ಸೀನ ಹೊಸಕೋಟೆಯಲ್ಲಿ ಆ ನೀಲಿ ಗಾಡಿಯ ಅಂಗಡಿಗೆ ಸೇರಿದ್ದ. ಅಪ್ಪ ಇಲ್ಲದ ತವರುಮನೆ, ಅವನದೇ ಮೊದಲ ಕೆಲಸ. ಅವನೊಂದು ದಿನ ಹಿತ್ತಲಿಗೆ ಬಂದು, ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತ.

“ಅಕ್ಕ, ಹಬ್ಬದೊಳಗೆ ನನ್ ಕಡೆಯಿಂದ ಒಂದು ಗಾಡಿನಾದ್ರೂ ಹೋಗ್ಲಿಲ್ಲ ಅಂದ್ರೆ ಬಿಡಿಸ್ತಾರಂತೆ. ಭಾವ ನಮ್ದೇ ಅಂತವ್ರೆ. ಮುನಿರಾಜಣ್ಣಂದೇ ಅಡ್ಡ. ನೀನೊಂದು ಮಾತು ಹೇಳಕ್ಕ.”

“ನಾನ್ಯಾರಿಗೆ ಹೇಳ್ಲೋ? ಈ ಮನೇಲಿ ನನ್ ಮಾತು ಯಾರು ಕೇಳ್ತಾರೆ?”

ಅವನು ಎದ್ದು ಹೋದ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಆ ನೋಟ —

ಕೊನೆಗೆ ಮಾವ ಬೇಸತ್ತು, “ನಿಮ್ಮಿಬ್ರ ಗಲಾಟೆ ಸಾಕು. ಅಮ್ಮನ್ನೇ ಕೇಳಾನ. ಅವಳೇನ್ ಕೊಡ್ತಾಳೋ ಅದೇ” ಎಂದರು. ಆಗ ಹೆಣ್ಣು ತರಲಿ, ಬಾವಿ ತೋಡಲಿ, ನಮ್ಮೂರಲ್ಲಿ ಎಲ್ಲದಕ್ಕೂ ಸಪ್ಪಲಮ್ಮನ ಹೂವೇ. ಅರಿಶಿನ ಮೆತ್ತಿದ ಆ ಕಲ್ಲಿನ ಎರಡು ಭುಜಕ್ಕೂ ನೀರಲ್ಲಿ ನೆನೆಸಿದ ಒಂದೊಂದು ಕಣಗಿಲೆ ಹೂವನ್ನು ಪೂಜಾರಿ ಅಂಟಿಸುತ್ತಾರೆ; ನೀರಿನ ಅಂಟಿಗೇ ಅದು ನಿಲ್ಲುವುದು. ಯಾವ ಭುಜದ ಹೂವು ಮೊದಲು ಬಿದ್ದರೆ ಅಮ್ಮನ ಮಾತು ಆ ಕಡೆಗೆ. ಹೂವು ಕಿತ್ತು, ನೆನೆಸಿ, ತಟ್ಟೆಯಲ್ಲಿ ಹಿಡಿದು ನಿಲ್ಲಬೇಕಾದವಳು ಕೇಳುವ ಮನೆಯ ಹಿರಿ ಸೊಸೆ. ಉಪವಾಸವಿದ್ದು, ತಲೆಗೆ ನೀರು ಹಾಕಿಕೊಂಡು ನಾನು ನಿಂತಿದ್ದೆ.

ನಂಬಿ, ಮನೆ ಬಿಡುವಾಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇಲ್ಲ — ಇರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇತ್ತೋ ಏನೋ.

“ಬಲಕ್ಕೆ ನೀಲಿ, ಎಡಕ್ಕೆ ಕೆಂಪು” ಎಂದು ಮಾವ ಗಟ್ಟಿಯಾಗಿ ಹೇಳಿ ಕೈಮುಗಿದರು. ಗಂಟೆ ಶುರುವಾಯಿತು. ಎಲ್ಲರೂ ಕಣ್ಣು ಮುಚ್ಚಿದರು. ನನ್ನ ಗಂಡ, ಮೈದುನ ಮುನಿರಾಜ, ಬಾಗಿಲಲ್ಲಿ ನಿಂತಿದ್ದ ಊರಿನವರು — ಎಲ್ಲರೂ. ನಾನೊಬ್ಬಳು ಮುಚ್ಚಲಿಲ್ಲ. ತಟ್ಟೆಯ ಕೆಳಗೆ ಸೆರಗಿತ್ತು. ಬಲಭುಜಕ್ಕೆಂದು ಇಟ್ಟಿದ್ದ ಹೂವನ್ನು ಸೆರಗಿನೊಳಗೆ ತೆಗೆದುಕೊಂಡು ಒತ್ತಿದೆ. ನೀರೆಲ್ಲ ಬಟ್ಟೆಗೆ ಬರುವವರೆಗೆ ಒತ್ತಿ, ಮತ್ತೆ ತಟ್ಟೆಯಲ್ಲಿಟ್ಟೆ. ಮಂಜುಗಣ್ಣಿನ ಪೂಜಾರಿ ತಾತ ಎರಡನ್ನೂ ಎತ್ತಿಕೊಂಡು ಒಳಗೆ ಹೋದರು.

ಒಣ ಹೂವು ಅಂಟಿಕೊಂಡೇ ನಿಂತಿತು. ನಿಂತೇ ಇತ್ತು. ಗಂಟೆ ನಿಂತಿತು. ಆ ಗಳಿಗೆಯಲ್ಲಿ ನನಗೆ ಏನೆನ್ನಿಸಿತು ಗೊತ್ತೇ? ತಾಯೀ, ಬೀಳಿಸಬೇಡ, ನನ್ನನ್ನು ಉಳಿಸು ಎನ್ನಿಸಿತು. ಆಗಲೇ ಬಿದ್ದಿತು.

“ಬಲಗಡೆ ಕೊಟ್ಲು!” ಎಂದು ಜನ ಕೂಗಿದರು. ನನ್ನ ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ನೀಲಿ ಗಾಡಿ ಬಂದ ದಿನ ಮುನಿರಾಜ ಅದಕ್ಕೆ ಹಾರ ಹಾಕಿ, ಸೀಟಿನ ಮೇಲೆ ಕೂತು, ನಗುತ್ತಲೇ ಅಂದ — “ಆದ್ರೂ ಅಣ್ಣ, ನಮ್ ಸಪ್ಪಲಮ್ಮ ಯಾವತ್ತು ಕ್ಲಚ್ ತುಳಿದವ್ಳೆ, ಅವಳಿಗೆ ಗಾಡಿ ವಿಷ್ಯ ಗೊತ್ತಾಗಕ್ಕೆ?”

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ನಾನೂ ನಗಲಿಲ್ಲ.

ಗಾಡಿಯ ಮೇಲೆ ತಪ್ಪು ಹೊರಿಸಲಾರೆ. ರಾಗಿ ಹೊಲಕ್ಕೆ ಅದು ಬಂಗಾರದಂತಿತ್ತು. ಭಾರ ತುಂಬಿಕೊಂಡು ಏರಿ ಹತ್ತುವುದು ಮಾತ್ರ ಅದರ ಕೆಲಸವಾಗಿರಲಿಲ್ಲ. ಮುನಿರಾಜ ಅದನ್ನೇ ಹೇಳಿದ್ದ. ನಾನು ಅದನ್ನೇ ಕಣ್ಣಾರೆ ನೋಡಿದ್ದೆ. ಬೇಸಿಗೆಯಲ್ಲಿ ಕೆರೆ ಹೂಳು ತುಂಬಿದ ಟ್ರೈಲರ್ ಎಳೆದುಕೊಂಡು ಏರಿ ಹತ್ತುವಾಗ ಮುಂದಿನ ಚಕ್ರ ಎದ್ದಿತು. ಅವನು ಹಾರಿದ. ಜೀವ ಉಳಿಯಿತು. ಎಡಗಾಲಿನ ಮೇಲೆ ಟ್ರೈಲರಿನ ಚಕ್ರ ಹೋಯಿತು.

ಆಸ್ಪತ್ರೆಯಲ್ಲಿ ಮಾವ ಮಗನ ತಲೆ ಸವರುತ್ತಾ ಅಂದದ್ದು ಇಷ್ಟೇ — “ಅಮ್ಮನ್ನ ಆಡ್ಕೊಂಡ್ಯಲ್ಲೋ ಮಗಾ... ಅದಕ್ಕೇ ಇಂಗಾಯ್ತು.”

ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಮುನಿರಾಜನೂ. ಅವನ ಕಣ್ಣಿನಲ್ಲಿ ಆ ಮಾತು ಇಳಿದು ಕೂತದ್ದನ್ನು ನಾನು ಮಂಚದ ಕಾಲಬದಿಯಲ್ಲಿ ನಿಂತು ನೋಡಿದೆ. ಆಗಲೂ ನೋಡುವುದೊಂದೇ ನನ್ನ ಕೆಲಸ. “ಮಾವ, ಅಮ್ಮ ಕೊಡಲಿಲ್ಲ, ನಾನು ಕೊಟ್ಟೆ” ಎನ್ನಲು ಬೇಕಾದದ್ದು ಒಂದು ಉಸಿರು.

ಸೀನ ಆ ಅಂಗಡಿಯಲ್ಲಿ ಮುಂದಿನ ಹಬ್ಬದವರೆಗೂ ಇರಲಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತೆಂದು ಹೊರಟುಹೋದ. ಅವನಿಗೆ ಇದಾವುದೂ ಗೊತ್ತಿಲ್ಲ. ಅವನು ಕೇಳಿದ್ದು ಒಂದು ಮಾತು. ಮಾಡಿದ್ದು ನಾನು.

ನಿಮ್ಮ ಚಿಕ್ಕತಾತ ಕುಂಟುತ್ತಾ ಪ್ರತಿ ಆಯುಧಪೂಜೆಯ ದಿನ ಗುಡಿಗೆ ಏಕೆ ಹೋಗುತ್ತಾರೆ ಎಂದು ಪಲ್ಲವಿ ಒಮ್ಮೆ ಕೇಳಿದ್ದಳು. ನಾನು ಮಾತು ತಿರುಗಿಸಿದೆ. ಹಳದಿ ಬಟ್ಟೆಯಲ್ಲಿ ಅವನು ಕಟ್ಟಿಕೊಂಡು ಹೋಗುವುದು ತಪ್ಪುಕಾಣಿಕೆ. ಅಮ್ಮನನ್ನು ಆಡಿಕೊಂಡ ತಪ್ಪಿಗೆ. ಎಲ್ಲರೂ ತಂತಮ್ಮ ಗಾಡಿಗಳಿಗೆ ಕುಂಬಳಕಾಯಿ ಒಡೆಯುವ ದಿನ ಅವನು ಬರಿಗಾಲಲ್ಲಿ ಹೋಗಿ ಕ್ಷಮೆ ಕೇಳುತ್ತಾನೆ. ಹೋದ ವರ್ಷವೂ ಹೋಗಿದ್ದ.

ಇನ್ನೊಂದನ್ನು ಬರೆಯದೆ ಬಿಟ್ಟರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ. ನಿಮ್ಮ ತಾತ ಇದ್ದ ಕಾಲ. ಒಂದು ಹಬ್ಬದಲ್ಲಿ ಮುನಿರಾಜ ನನ್ನ ಮುಂದೆ ಬಂದು ನಿಂತ. “ಅತ್ತಿಗೆ, ಅಮ್ಮ ನನ್ನ ಕ್ಷಮಿಸವ್ಳಾ ಅಂತ ಒಂದ್ಸಲ ಹೂ ಕೇಳಿಸ್ತೀರಾ? ನೀವೇ ತಟ್ಟೆ ಹಿಡೀರಿ. ನಿಮ್ ಕೈ ಒಳ್ಳೇದು.” ಕ್ಷಮಿಸಿದ್ದರೆ ಬಲ, ಇಲ್ಲದಿದ್ದರೆ ಎಡ. ನಾನು ತಟ್ಟೆ ಹಿಡಿದೆ. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಹೂವಿಗೆ ಬೆರಳನ್ನೂ ತಾಗಿಸದೆ ನಿಂತೆ. ಒಂದು ಸಲ ಮೋಸ ಮಾಡಿದವಳು, ಇನ್ನೊಂದು ಸಲ ಅವನಿಗಾಗಿ ಮಾಡಬಹುದಿತ್ತು — ಧೈರ್ಯ ಬರಲಿಲ್ಲ. ಎಡಗಡೆಯ ಹೂವು ಬಿದ್ದಿತು.

“ಸರಿ ಬಿಡಿ ಅತ್ತಿಗೆ” ಎಂದ. ನನಗೇ ಸಮಾಧಾನ ಹೇಳುವವನಂತೆ. ಅದಾದ ಮೇಲೆ ಅವನು ಯಾವ ಗಾಡಿಯ ಸ್ಟಿಯರಿಂಗನ್ನೂ ಮುಟ್ಟಲಿಲ್ಲ. ತನ್ನ ಪಾಲಿನ ಹೊಲವನ್ನು ಬಿಟ್ಟುಕೊಟ್ಟ. ಈಗ ಅದೇ ಹೊಲದ ಮೇಲೆ ಎದ್ದಿರುವ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನೀಲಿ ಅಂಗಿ ಹಾಕಿಕೊಂಡು ಕೂತಿರುತ್ತಾನೆ. ಬಂದು ಹೋಗುವವರಿಗೆಲ್ಲ ಎದ್ದು ಸಲಾಮು ಹೊಡೆಯುತ್ತಾನೆ. ಆ ಕಾಲಿನಲ್ಲಿ ಏಳುವುದು ಎಷ್ಟು ಕಷ್ಟ ಎಂದು ಅವರಿಗೆ ಗೊತ್ತಿಲ್ಲ.

ನಿಮ್ಮ ತಾತನಿಗೂ ನಾನು ಹೇಳಲಿಲ್ಲ. ಕೊನೆಯವರೆಗೂ ಅವರು, ದೇವರ ಮಾತಿಗೆ ಮುನಿರಾಜ ತಲೆಬಾಗಲಿಲ್ಲ ಎಂದೇ ನಂಬಿದ್ದರು. ತಮ್ಮನನ್ನು ಕಂಡರೆ ಅವರಿಗೆ ಕನಿಕರವಿತ್ತು, ಗೌರವ ಹೋಗಿತ್ತು. ಹಾಗೆ ಮಾಡಿದವಳೂ ನಾನೇ.

ನೀವು ಜಗಳವಾಡಿದ ಮಾರನೆಯ ಬೆಳಿಗ್ಗೆ ಕೊತ್ತಂಬರಿ ತರುವ ನೆಪ ಹೇಳಿ ಆ ಗೇಟಿಗೆ ಹೋದೆ. ಅವನು ದಡಬಡಿಸಿ ಎದ್ದ. “ಬನ್ನಿ ಅತ್ತಿಗೆ, ಇಷ್ಟ್ ದೂರ ನಡ್ಕೊಂಡ್ ಬಂದ್ರಾ? ಕೂತ್ಕೊಳ್ಳಿ” ಎಂದು ತನ್ನ ಕುರ್ಚಿಯನ್ನೇ ಕೊಟ್ಟ. ಮನು ಟ್ರ್ಯಾಕ್ಟರ್ ತರುತ್ತಾನಂತೆ ಎಂದೆ. ಅವನ ಮುಖ ಒಮ್ಮೆಲೇ ಬೆಳಗಿತು. ಎಂಥ ಮಣ್ಣು, ಏನು ಭಾರ ಎಳೆಯುತ್ತೀರಿ, ಹೊಲದ ಹತ್ತಿರ ರಿಪೇರಿಯವನು ಯಾರಿದ್ದಾನೆ, ಬಿಡಿಭಾಗ ಎಲ್ಲಿ ಸಿಗುತ್ತದೆ — ಕೇಳುತ್ತಲೇ ಹೋದ. ಆಮೇಲೆ ತಾನೇ ನಿಲ್ಲಿಸಿ, ತಲೆ ತಗ್ಗಿಸಿ ಅಂದ:

“ನಾನ್ ಹೇಳ್ಬಾರ್ದು ಬಿಡಿ. ಅಮ್ಮನ್ನ ಕೇಳಿ.”

ಅವನ ಕುರ್ಚಿಯಲ್ಲಿ ಕೂತಿದ್ದೆ. ಹೇಳಬೇಕೆಂದೇ ಬಂದಿದ್ದೆ. ಒಳಗೆ ಹೋಗುವ ಕಾರೊಂದು ಹಾರ್ನ್ ಹಾಕಿತು, ಅವನು ಗೇಟು ತೆಗೆಯಲು ಕುಂಟುತ್ತಾ ಓಡಿದ, ನಾನು ಎದ್ದು ಬಂದುಬಿಟ್ಟೆ. ಕೊತ್ತಂಬರಿಯನ್ನೂ ತರಲಿಲ್ಲ.

ಮಕ್ಕಳೇ, ನನ್ನನ್ನು ಕ್ಷಮಿಸಿ ಎಂದು ನಿಮ್ಮನ್ನು ಕೇಳುವುದಿಲ್ಲ. ಅದು ನೀವು ಕೊಡಬೇಕಾದದ್ದಲ್ಲ. ಅವನನ್ನೂ ಕೇಳುತ್ತೇನೋ ಇಲ್ಲವೋ — ಕೇಳುವ ಮುಖ ನನಗಿದೆಯೇ? ಅವನಿಗೆ ತಿಳಿಯಬೇಕಾದದ್ದು ಒಂದೇ: ಅಮ್ಮ ಅವನ ಮೇಲೆ ಯಾವತ್ತೂ ಮುನಿದಿರಲಿಲ್ಲ. ಅವನು ಸರಿಯಾಗಿಯೇ ಹೇಳಿದ್ದ.

ಹೂವು ಕೇಳಬೇಡಿ. ಚಿಕ್ಕತಾತನನ್ನು ಹೊಲಕ್ಕೆ ಕರೆದುಕೊಂಡು ಹೋಗಿ. ಕಂಪನಿಯವರು ತಂದು ನಿಲ್ಲಿಸಿದ ಗಾಡಿಗಳ ಮೇಲೆ ಅವರನ್ನು ಹತ್ತಿಸಿ. ಬರುವುದಿಲ್ಲ ಎನ್ನುತ್ತಾರೆ, ಬಿಡಬೇಡಿ.

ಇದನ್ನು ಮನುವಿನ ಕೈಗೆ ಕೊಟ್ಟು ನಾನು ಮನೆಯಿಂದ ಹೊರಡುತ್ತೇನೆ. ಚಿಕ್ಕತಾತನ ಗೇಟು ಸೇರುವಷ್ಟರಲ್ಲಿ ನೀವು ಓದಿ ಮುಗಿಸಿರುತ್ತೀರಿ. ಆಮೇಲೆ ಅವನ ಮುಂದೆ ಬಾಯಿ ಬಿಡದೆ ವಾಪಸು ಬರಲು ನನಗೆ ಮನೆಯೊಂದು ಇರಬಾರದು. ಅದಕ್ಕೇ ಕೊಡುತ್ತಿದ್ದೇನೆ. ಈ ಸಲ ಹಳದಿ ಬಟ್ಟೆಯ ಗಂಟು ನನ್ನ ಕೈಯಲ್ಲಿದೆ.